ನಮ್ಮೋರ ಆಸ್ಪತ್ರೆಯ ಆ ಮಳೆಗಾಲ

ಮಂಡಕ್ಕಿ ಒಗ್ಗರಣೆಯ ವಾಸನೆಯೂ ಸ್ಪಿರಿಟ್ಟಿನ ವಾಸನೆಯೂ ಒಟ್ಟಿಗೆ ಮೂಗಿಗೆ ಬಡಿದರೆ ನನಗೆ ಇವತ್ತಿಗೂ ಮೈಯೆಲ್ಲ ಉರಿಯುತ್ತದೆ. ಮೊನ್ನೆ ಬಳ್ಳಾರಿಯ ಒಂದು ಆಸ್ಪತ್ರೆಯ ಮೆಟ್ಟಿಲು ಹತ್ತುವಾಗ ಹಾಗೇ ಆಯಿತು. ಮೇಲಿನ ವರಾಂಡದಲ್ಲಿ ನಮ್ಮ ಬಳಗದವರು ಪೇಪರು ಹಾಸಿಕೊಂಡು ಕುಳಿತು, ಮಂಡಕ್ಕಿ ಮುಕ್ಕುತ್ತ, ಮಿರ್ಚಿ ಕಡಿಯುತ್ತ, ಒಳಗೆ ಮಲಗಿದವರಿಗೆ ಯಾವ ಔಷಧ ಕೊಡಬೇಕೆಂದು ತೀರ್ಪು ಹೇಳುತ್ತಿದ್ದರು. ಅದೇ ಮುಖಗಳು, ಅದೇ ಗತ್ತು. ಆ ಮಳೆಗಾಲದಲ್ಲಿ ಹೊಸಪೇಟೆಯಲ್ಲಿ ಇವರನ್ನು ಹೀಗೆಯೇ ನೋಡಿದ್ದೆ, ಒಂದು ಕೂದಲಿನಷ್ಟೂ ಬದಲಾಗಿಲ್ಲ.

ನನ್ನದು ಹೊಸಪೇಟೆಯ ಬಜಾರಿನಲ್ಲಿ ಕುಬುಸ ಹೊಲಿಯುವ ಅಂಗಡಿ. ನಮ್ಮ ಮನೆಯವರು ಚಂದ್ರಶೇಖರ, ಟಿ.ಬಿ. ಡ್ಯಾಮಿನ ಕಾಲುವೆ ಕಚೇರಿಯಲ್ಲಿ ಕೆಲಸ. ಅವರ ಅಣ್ಣ ವೀರಭದ್ರಪ್ಪ, ನನಗೆ ಭಾವ, ಕಂಪ್ಲಿಯಲ್ಲಿ ಅಕ್ಕಿ ಗಿರಣಿಯ ಸಾಹುಕಾರ. ಮನೆತನದಲ್ಲಿ ಯಾರು ಯಾರನ್ನು ಮದುವೆಯಾಗಬೇಕು ಎಂಬುದರಿಂದ ಹಿಡಿದು ಯಾರ ಮನೆಯ ಗೋಡೆಗೆ ಯಾವ ಬಣ್ಣ ಬಳಿಯಬೇಕು ಎಂಬುದರವರೆಗೆ ಎಲ್ಲವೂ ಈ ಭಾವನ ಬಾಯಿಂದಲೇ ಬರಬೇಕು. ನಮ್ಮ ಮನೆಯವರಂತೂ ಅಣ್ಣ ಕೆಮ್ಮಿದರೂ ಎದ್ದು ನಿಲ್ಲುವವರು. ನಾನು ಎದ್ದು ನಿಲ್ಲುವವಳಲ್ಲ, ಆದ್ದರಿಂದ ಆ ಮನೆತನದಲ್ಲಿ ನನ್ನ ಹೆಸರು ಮೊದಲಿಂದಲೂ ಕೆಟ್ಟದ್ದೇ.

ಆ ವರ್ಷ ಡ್ಯಾಮು ಬೇಗ ತುಂಬಿತು. ಗೇಟು ಎತ್ತಿದ್ದಾರೆಂದು ಸುದ್ದಿಯಾದದ್ದೇ ತಡ, ಊರೂರುಗಳಿಂದ ಜನ ಬಂದು ಬಿದ್ದರು. ನೀರು ನೋಡುವುದಕ್ಕೆ ಬಂದವರೆಲ್ಲ ನೀರಿಗೆ ಬೆನ್ನು ಮಾಡಿ ಫೋಟೋ ತೆಗೆಸಿಕೊಂಡು, ಜೋಳದ ತೆನೆ ತಿಂದು, ಬೆಂಡನ್ನು ಅಲ್ಲೇ ಬಿಸಾಕಿ ಹಂಪಿಗೆ ಹೋದರು. ಆ ಹೊತ್ತಿಗೆ ನಮ್ಮ ಮನೆಯವರು ರೇನ್‌ಕೋಟು ಹರಿದದ್ದನ್ನೇ ಹಾಕಿಕೊಂಡು ಕಾಲುವೆಯ ದಂಡೆಯ ಮೇಲೆ ಬೈಕಿನಲ್ಲಿ ತಿರುಗುತ್ತಿದ್ದರು. ಎಲ್ಲಿ ದಂಡೆ ಜರಿಯುತ್ತಿದೆ, ಎಲ್ಲಿ ನೀರು ಕದಿಯಲು ತೂತು ಕೊರೆದಿದ್ದಾರೆ ಎಂದು ನೋಡುವುದು ಇವರ ಪಾಲಿಗೆ ಬಂದಿತ್ತು. ಸಂಡೂರಿನ ಕಡೆಯ ಹಳ್ಳಗಳ ಕೆಂಪು ಕೆಸರು ಮೆತ್ತಿದ ಪ್ಯಾಂಟನ್ನು ನಾನು ಎಷ್ಟು ತಿಕ್ಕಿದರೂ ಬಣ್ಣ ಬಿಡುತ್ತಿರಲಿಲ್ಲ. ಕೆಮ್ಮು ಶುರುವಾಯಿತು, ಜ್ವರ ಬಂತು. ‘ರಜಾ ಹಾಕ್ರಿ’ ಅಂದೆ. ‘ಈಗ ರಜಾ ಕೇಳಿದ್ರ ಸಾಹೇಬ್ರು ಏನಂತಾರ’ ಅಂದರು. ಸಾಹೇಬರು ಗೇಟಿನ ಹತ್ತಿರ ಮಂತ್ರಿಗಳ ಪಕ್ಕ ನಿಂತು ಬಾಗಿನ ಬಿಡುವ ಫೋಟೋದಲ್ಲಿದ್ದರು.

ಒಂದು ಬೆಳಿಗ್ಗೆ ಎದ್ದು ಕೂತವರಿಗೆ ಮಾತಾಡಲು ಉಸಿರು ಸಾಲಲಿಲ್ಲ. ತುಟಿ ನೀಲಿಯಾಗಿತ್ತು. ನಾನು ಆಟೋ ಕರೆಯುವುದರೊಳಗೆ ಪಕ್ಕದ ಕ್ವಾರ್ಟರ್ಸಿನವರಿಂದ ಭಾವನಿಗೆ ಫೋನು ಹೋಗಿ, ಭಾವನ ಆಜ್ಞೆ ವಾಪಸ್ ಬಂದೂಬಿಟ್ಟಿತ್ತು: ‘ನಮ್ಮೋರ ಆಸ್ಪತ್ರಿಗೆ ಒಯ್ರಿ.’

ನಮ್ಮ ಬಳಗದಲ್ಲಿ ಇದೊಂದು ಪದ್ಧತಿ. ಕಾಯಿಲೆ ಏನು, ಅದಕ್ಕೆ ಯಂತ್ರ ಎಲ್ಲಿದೆ, ಓದಿದವರು ಯಾರಿದ್ದಾರೆ ಎಂದು ಯಾರೂ ಕೇಳುವುದಿಲ್ಲ. ಆಸ್ಪತ್ರೆ ಯಾರದು ಎಂದು ಕೇಳುತ್ತಾರೆ. ಆ ನರ್ಸಿಂಗ್ ಹೋಮಿನ ದೊಡ್ಡ ಡಾಕ್ಟರು ನಮ್ಮ ಪೈಕಿ. ನಮ್ಮ ಮದುವೆಗಳಲ್ಲಿ ಮೊದಲ ಪಂಕ್ತಿಯಲ್ಲಿ ಊಟಕ್ಕೆ ಕೂರುವವರು, ಭಾವನ ಹೆಗಲ ಮೇಲೆ ಕೈ ಹಾಕಿ ನಗುವವರು. ಅವರ ಕೈಗುಣದ ಬಗ್ಗೆ ನಮ್ಮವರು ಹೇಳುವುದನ್ನು ಕೇಳಿದರೆ ಯಮನೂ ಅವರ ಅಪ್ಪಣೆ ಕೇಳಿಯೇ ಹೊಸಪೇಟೆಗೆ ಬರುತ್ತಾನೆ ಎನ್ನಿಸಬೇಕು.

ಎದೆಯಲ್ಲಿ ಕಫ ಗಟ್ಟಿಯಾಗಿ ನಂಜು ಮೈಗೆಲ್ಲ ಏರಿದೆ, ಬಿ.ಪಿ. ಕುಸಿಯುತ್ತಿದೆ ಎಂದರು. ಕೈಯ ನರಗಳು ಸಿಗಲಿಲ್ಲ. ಬಿ.ಪಿ. ಏರಿಸುವ ಔಷಧಕ್ಕೆ ದೊಡ್ಡ ನಾಳವೇ ಬೇಕೆಂದು ಬಲಗಡೆ ಕೊರಳೆಲುಬಿನ ಕೆಳಗೆ ದಪ್ಪ ಸೂಜಿ ಚುಚ್ಚಿ, ಅದರೊಳಗಿಂದ ಕೊಳವೆ ಇಳಿಸಿದರು. ಅಷ್ಟರವರೆಗೆ ಮಾಡಿದ್ದು ಸರಿಯೇ ಅಂತೆ. ನಾಳವನ್ನು ಪರದೆಯ ಮೇಲೆ ನೋಡಿಕೊಂಡು ಚುಚ್ಚುವ ಯಂತ್ರವೂ ಆ ಆಸ್ಪತ್ರೆಯಲ್ಲಿತ್ತು. ಅದಕ್ಕೆ ಕುಂಕುಮ ಹಚ್ಚಿ, ಮೇಲೆ ಬಟ್ಟೆ ಹೊದಿಸಿ ಮೂಲೆಗೆ ನಿಲ್ಲಿಸಿದ್ದರು. ದೊಡ್ಡ ಡಾಕ್ಟರಿಗೆ ಕಣ್ಣು ಮುಚ್ಚಿ ಹಾಕಿದರೂ ನಾಳ ಸಿಗುತ್ತದೆ ಎಂಬ ಕೀರ್ತಿ ಇತ್ತಲ್ಲ, ಯಂತ್ರ ಯಾಕೆ ಬೇಕು.

ಬಾಟಲಿ ಜೋಡಿಸಿದರು. ಬಾಟಲಿಯ ನೀರು ಕೆಳಗೆ ಇಳಿಯುವ ಬದಲು ರಕ್ತವೇ ಕೊಳವೆಯಲ್ಲಿ ಮೇಲೇರತೊಡಗಿತು. ಕಡುಗೆಂಪು ಅಲ್ಲ, ಹೊಳೆಯುವ ಕೆಂಪು. ಎದೆ ಬಡಿದ ಹಾಗೆಲ್ಲ ಉಕ್ಕಿ ಉಕ್ಕಿ ಬರುತ್ತಿತ್ತು. ದೊಡ್ಡ ಡಾಕ್ಟರು ಕೊಳವೆಗೆ ಕ್ಲಿಪ್ಪು ಹಾಕಿ, ಏನೂ ಆಗಿಲ್ಲವೆಂಬ ಮುಖ ಮಾಡಿ, ಹೊರಗೆ ಹೋಗಿ ಭಾವನಿಗೆ ಫೋನು ಮಾಡಿದರು. ಗಂಡನ ತಲೆಯ ಹತ್ತಿರ ನಿಂತವಳು ನಾನು. ಕಂಪ್ಲಿಯಲ್ಲಿರುವ ಭಾವನಿಗೆ ಮೊದಲು ಗೊತ್ತಾಯಿತು.

ನನಗೆ ಹೇಳಿದ್ದು ಡಾಕ್ಟರ್ ನಸೀಮಾ. ಆಪರೇಶನ್ ಇದ್ದ ದಿನ ಅರಿವಳಿಕೆ ಕೊಡಲು ಅಲ್ಲಿಗೆ ಬರುತ್ತಿದ್ದ ಚಿಕ್ಕ ವಯಸ್ಸಿನ ಡಾಕ್ಟರಮ್ಮ, ಕೊಪ್ಪಳದ ಕಡೆಯವಳು. ಕೊಳವೆ ನೋಡಿದ್ದೇ ಅವಳ ಮುಖ ಬಿಗಿಯಿತು. ಮೊದಲು ಕಾಲಿನಲ್ಲಿ ಒಂದು ನರ ಹುಡುಕಿ ಔಷಧವನ್ನು ಅಲ್ಲಿಂದ ಶುರು ಮಾಡಿದಳು. ಆಮೇಲೆ ನನ್ನನ್ನು ಪಕ್ಕಕ್ಕೆ ಕರೆದಳು.

‘ಅಕ್ಕಾ, ಖರೇ ಹೇಳ್ತೀನಿ, ಹೆದರಬ್ಯಾಡ್ರಿ. ಎದಿಗೆ ವಾಪಸ್ ಬರೋ ನಾಳಕ್ಕ ಹೋಗಬೇಕಿದ್ದ ನಳಿ, ಎದಿಯಿಂದ ಕೈಗೆ ರಕ್ತ ಒಯ್ಯೋ ನಾಳಕ್ಕ ಹೊಕ್ಕೈತಿ. ಈಗ ಆ ತೂತಿಗೆ ನಳೀನ ಬೂಚು ಇದ್ದಂಗ. ಅದು ಇರೋ ತನಕ ರಕ್ತ ಸೋರಂಗಿಲ್ಲ. ಯಾರರ ಕಿತ್ರ, ಎದಿ ಒಳಗ ಸೋರಿ ತುಂಬ್ತೈತಿ.’

‘ಕಿತ್ತು ಒತ್ತಿ ಹಿಡಿದ್ರ ನಿಲ್ಲಂಗಿಲ್ಲೇನು?’

‘ಎಲ್ಲಿ ಒತ್ತತೀರಿ? ಎಲುಬಿನ ಹಿಂದ ಐತಿ. ಬಳ್ಳಾರ್‍ಯಾಗ ನಾಳದ ಒಳಗಿಂದನ ಇದನ್ನ ಸರಿ ಮಾಡೋರು ಅದಾರ. ಮಾತಾಡೀನಿ. ಅಲ್ಲಿ ಮುಟ್ಟೋ ತನಕ ಆ ನಳಿ ಹಂಗ ಇರಬೇಕು. ಅದೊಂದು ನೋಡ್ಕೋರಿ.’

ನೋಡಿಕೊಳ್ಳುವುದು ಅಷ್ಟು ಸುಲಭವಾಗಿರಲಿಲ್ಲ. ಮಧ್ಯಾಹ್ನದ ಹೊತ್ತಿಗೆ ಕಂಪ್ಲಿಯಿಂದ, ಮರಿಯಮ್ಮನಹಳ್ಳಿಯಿಂದ ಕಾರುಗಳಲ್ಲಿ ಬಳಗ ಬಂದಿಳಿಯಿತು. ಮಂಡಕ್ಕಿ ಪೊಟ್ಟಣಗಳು ಬಿಚ್ಚಿದವು. ವಾರ್ಡಿನ ಬಾಗಿಲ ಎದುರಿಗೇ ಪಂಚಾಯ್ತಿ ಸೇರಿತು. ಭಾವ ನಡುವೆ, ದೊಡ್ಡ ಡಾಕ್ಟರು ಅವನ ಬಲಕ್ಕೆ. ನಾನು ಒಳಗಿನಿಂದ ಎಲ್ಲ ಕೇಳುತ್ತಿದ್ದೆ. ಒಬ್ಬನಾದರೂ ‘ಚಂದ್ರು ಹೆಂಗದಾನ’ ಎಂದು ಕೇಳಿದ್ದರೆ ಈ ಬರಹದಲ್ಲಿ ಅವನ ಹೆಸರು ಹಾಕಿ ನಮಸ್ಕಾರ ಮಾಡುತ್ತಿದ್ದೆ.

‘ನಳಿ ಇಟಗೊಂಡು ಬಳ್ಳಾರಿಗೆ ಹೋದ್ರ, ಅಲ್ಲಿ ನೋಡಿದೋರು ಏನಂತಾರ್ರಿ? ನಮ್ಮ ಡಾಕ್ಟ್ರ ಮರ್ಯಾದಿ ಏನಾಗಬೇಕು?’ ಇದು ಭಾವ.

‘ತೆಗೆದು ಚೆನ್ನಾಗಿ ಒತ್ತಿ ಬ್ಯಾಂಡೇಜ್ ಮಾಡಿದರೆ ಆಯ್ತು. ಆಮೇಲೆ ಬೇಕಾದರೆ ನ್ಯುಮೋನಿಯಾ ಅಂತ ಬರೆದು ಕಳಿಸೋಣ’ ಎಂದರು ದೊಡ್ಡ ಡಾಕ್ಟರು. ಅವರ ಹಣೆಯ ಮೇಲಿನ ಬೆವರು ಮಾತ್ರ ನಿಜ ಹೇಳುತ್ತಿತ್ತು.

ನಸೀಮಾ ಹೊರಗೆ ಹೋಗಿ, ‘ಸರ್, ತೆಗೀಬ್ಯಾಡ್ರಿ, ತೆಗೆದ್ರ ಉಳಿಯಂಗಿಲ್ಲ’ ಎಂದು ಅಷ್ಟು ಜನ ಗಂಡಸರ ನಡುವೆ ನಿಂತು ಹೇಳಿದಳು. ಭಾವ ಅವಳ ಮುಖ ಕೂಡ ನೋಡಲಿಲ್ಲ. ‘ಆಕಿ ಯಾರಾಕಿ? ನಮ್ಮೋರ ನಡುವ ಆಕೀದೇನು ಮಾತು?’ ಎಂದು ಗೋಡೆಗೆ ಹೇಳಿದ. ಪಂಚಾಯ್ತಿ ತಲೆದೂಗಿತು. ಒಬ್ಬ ಮನುಷ್ಯನ ಎದೆಯೊಳಗೆ ತೂತು ಬಿದ್ದಿದೆ, ಇವರು ಜಾತಕ ನೋಡುತ್ತಿದ್ದಾರೆ! ಥೂ ಎಂದು ಉಗಿಯಬೇಕೆನಿಸಿತು. ಆಸ್ಪತ್ರೆಯ ನೆಲವಾದ್ದರಿಂದ ನುಂಗಿಕೊಂಡೆ.

ಭಾವ ಒಳಗೆ ಬಂದ. ಹಿಂದೆ ಕೈಗವಸು ಹಾಕಿಕೊಂಡ ಕಂಪೌಂಡರು, ಹತ್ತಿಯ ತಟ್ಟೆ ಹಿಡಿದು.

‘ಗಿರಿಜಾ, ನೀ ಹೊರಗ ಹೋಗು. ಡಾಕ್ಟ್ರ ಕೆಲಸ ಡಾಕ್ಟ್ರು ಮಾಡ್ತಾರ.’

‘ಡಾಕ್ಟ್ರು ಎಲ್ಲಿ? ಇವನ್ನ ಕಳಿಸ್ಯಾರಲ್ಲ?’ ಎಂದೆ. ಕಿತ್ತಾಗ ಏನಾದರೂ ಆದರೆ ಕೈ ತನ್ನದಾಗಿರಬಾರದೆಂದು ಆ ದೊಡ್ಡ ಮನುಷ್ಯ ಬಾಗಿಲಾಚೆಯೇ ನಿಂತಿದ್ದ.

‘ಹೆಣ್ಮಗಳು ನೀ, ನಿನಗೇನ್ ತಿಳಿತೈತಿ? ಸುಮ್ಮನ ಕುಂದ್ರು.’

ಕುಂತೆ. ಸ್ಟೂಲು ಎಳೆದುಕೊಂಡು ಇವರ ಬಲಭುಜದ ಪಕ್ಕಕ್ಕೇ ಕುಂತೆ. ಬೆಳಿಗ್ಗೆ ಇವರಿಗೆ ಹಾಗಾದಾಗ ನಾನು ಅಂಗಡಿಗೆ ಹೊರಟು ನಿಂತಿದ್ದೆ. ಚೀಲದಲ್ಲಿ ಸಾಣೆ ಹಿಡಿಸಿದ ದೊಡ್ಡ ಕತ್ತರಿ ಹಾಗೇ ಇತ್ತು. ಅದನ್ನು ತೆಗೆದು ತೊಡೆಯ ಮೇಲೆ ಇಟ್ಟುಕೊಂಡೆ.

‘ಈ ನಳಿಗೆ ಯಾರ ಕೈ ಬರ್ತೈತೋ ಆ ಕೈಯ ಬೆರಳು ನಾನು ಇಟ್ಕೊಂತೀನಿ. ಬಾರಲೇ ಕಂಪೌಂಡ್ರ, ಮುಟ್ಟು.’

ಕಂಪೌಂಡರು ಮುಟ್ಟಲಿಲ್ಲ. ಅವನಿಗಿದ್ದಷ್ಟು ಬುದ್ಧಿ ಆ ವರಾಂಡದಲ್ಲಿ ಬೇರೆ ಯಾರಿಗೂ ಇರಲಿಲ್ಲ. ತಟ್ಟೆಯನ್ನು ಕಿಟಕಿಯ ಮೇಲಿಟ್ಟು ಹೊರಟುಹೋದ. ಭಾವ ನಿಂತೇ ಇದ್ದ, ಮುಖ ಕೆಂಪಾಗಿತ್ತು. ‘ಹುಚ್ಚು ಹಿಡದೈತಿ ಇಕೀಗೆ’ ಎಂದ. ‘ಹೌದ್ರಿ, ಹಿಡದೈತಿ. ಆಂಬ್ಯುಲೆನ್ಸ್ ಕರಸ್ರಿ’ ಎಂದೆ. ಮಲಗಿದ್ದ ಇವರು ಕಣ್ಣು ತೆರೆದು ಅಣ್ಣನನ್ನು ನೋಡಿ ಎಡಗೈ ಎತ್ತಿ ನಮಸ್ಕಾರ ಮಾಡಲು ಹೋದರು ನೋಡಿ, ಆಗ ಮಾತ್ರ ನನಗೆ ಅಳು ಬಂತು. ಇಂಥ ಗಂಡನನ್ನು ಉಳಿಸಿಕೊಳ್ಳಲು ನಾನು ಕತ್ತರಿ ಹಿಡಿದು ಕೂತಿದ್ದೇನಲ್ಲ ಎಂದು ಸಿಟ್ಟೂ ಬಂತು, ದುಃಖವೂ ಬಂತು.

ನಸೀಮಾ ಕರೆಸಿದ ಆಂಬ್ಯುಲೆನ್ಸ್ ಬಂತು. ಬಳಗದ ಕಾರುಗಳಲ್ಲಿ ಒಂದೂ ನಮ್ಮ ಹಿಂದೆ ಬರಲಿಲ್ಲ. ‘ಇನ್ನ ಏನಾದ್ರೂ ನಿನ್ನ ತಲಿಮ್ಯಾಲ’ ಎಂದು ಭಾವ ಗೇಟಿನವರೆಗೆ ಬಂದು ಹೇಳಿ, ಕೈ ತೊಳೆದುಕೊಂಡ. ನಮ್ಮ ಜೊತೆ ಹತ್ತಿದ್ದು ನಸೀಮಾ ಒಬ್ಬಳೇ. ತೋರಣಗಲ್ಲಿನ ಹತ್ತಿರ ಅದಿರಿನ ಲಾರಿಗಳು ಮಳೆಯಲ್ಲಿ ಸಾಲುಗಟ್ಟಿ ನಿಂತಿದ್ದವು. ರಸ್ತೆಯೆಂದರೆ ಕೆಂಪು ರಾಡಿ. ಗುಂಡಿಗೆ ಇಳಿದಾಗಲೆಲ್ಲ ನಸೀಮಾ ಆ ಕೊಳವೆಯ ಮೇಲೆ ಎರಡೂ ಕೈ ಅಡ್ಡ ಹಿಡಿದು, ಮೈಯನ್ನೇ ಗೋಡೆ ಮಾಡಿ ಬಗ್ಗಿ ನಿಲ್ಲುತ್ತಿದ್ದಳು. ನಾನು ಇವರ ಬಲಗೈ ಹಿಡಿದಿದ್ದೆ. ಅದು ತಣ್ಣಗಾಗುತ್ತಿದೆಯೋ ಎಂದು ಪದೇ ಪದೇ ನನ್ನ ಕೆನ್ನೆಗೆ ಒತ್ತಿಕೊಂಡು ನೋಡುತ್ತಿದ್ದೆ. ‘ನಮ್ಮ ಸಲುವಾಗಿ ನಿಮ್ಮ ಕೆಲಸ ಹೋಗ್ತೈತಲ್ಲವಾ’ ಎಂದೆ. ‘ಹೋಗ್ಲಿ ಬಿಡ್ರಿ ಅಕ್ಕಾ, ಅಲ್ಲಿ ಚಾ ಕೂಡ ಚೊಲೋ ಇರಲಿಲ್ಲ’ ಎಂದಳು.

ಬಳ್ಳಾರಿಯ ಡಾಕ್ಟರು ಮಾತು ಕಡಿಮೆಯ ಮನುಷ್ಯ. ಕೊಳವೆ ಇನ್ನೂ ಇದ್ದಲ್ಲೇ ಇದೆಯೇ ಎಂದು ಮೊದಲು ನೋಡಿದರು. ‘ಯಾರೂ ಎಳೆದಿಲ್ಲ ತಾನೆ? ಬಹಳ ಒಳ್ಳೆಯದಾಯ್ತು’ ಎಂದರು. ಅವರು ಯಾರ ಮರ್ಯಾದೆಯನ್ನೂ ಕಳೆಯಲಿಲ್ಲ, ಯಾವ ಆಸ್ಪತ್ರೆ, ಯಾವ ಡಾಕ್ಟರು ಎಂದು ಕೇಳಲೂ ಇಲ್ಲ. ನಮ್ಮ ಪಂಚಾಯ್ತಿ ಒಂದು ಜೀವವನ್ನೇ ಕೊಟ್ಟು ಮುಚ್ಚಿಡಲು ಹೊರಟಿದ್ದ ಸಂಗತಿ ಅವರಿಗೆ ಬೇಕಾಗಿರಲೇ ಇಲ್ಲ.

ನನ್ನನ್ನು ಕೂರಿಸಿ ತಿಳಿಸಿದರು. ಎದೆ ತೆರೆದು ಸರಿ ಮಾಡಬಹುದು, ಆದರೆ ಈ ನಂಜಿನಲ್ಲಿ, ಈ ಉಸಿರಿನಲ್ಲಿ ಇವರು ಅದನ್ನು ತಡೆಯುವುದು ಕಷ್ಟ. ಅದಕ್ಕೇ ತೊಡೆಯ ಸಂದಿನಲ್ಲಿ ಸಣ್ಣದಾಗಿ ಚುಚ್ಚಿ, ಅಲ್ಲಿನ ನಾಳದೊಳಗಿಂದ ತಂತಿಯೊಂದನ್ನು ಭುಜದವರೆಗೆ ಕಳಿಸುತ್ತಾರೆ. ಮಡಚಿದ ಒಂದು ಸಣ್ಣ ಕೊಳವೆಯನ್ನು ಆ ತಂತಿಯ ಮೇಲೆ ಸಾಗಿಸಿ, ತೂತಿರುವ ಜಾಗದಲ್ಲಿ ಅರಳಿಸುತ್ತಾರೆ. ಅದು ಅರಳುವ ಗಳಿಗೆಯಲ್ಲೇ ಹೊರಗಿನ ಕೊಳವೆಯನ್ನು ಎಳೆಯಬೇಕು. ಪಕ್ಕದಲ್ಲೇ ಮಿದುಳಿಗೆ ಹೋಗುವ ನಾಳದ ಬಾಯಿ ಇದೆ, ಅದನ್ನು ಮುಚ್ಚಬಾರದು. ಮಾದರಿಗೆಂದು ಇಟ್ಟಿದ್ದ ಒಂದನ್ನು ನನ್ನ ಅಂಗೈಗೆ ಹಾಕಿದರು. ಹೆಣೆದ ಸಣ್ಣ ತಂತಿ, ಅದಕ್ಕೆ ಬಿಗಿಯಾಗಿ ಹೊದಿಸಿದ ಬಟ್ಟೆ.

‘ಇದೇನ್ರಿ, ಕುಬುಸದ ಒಳಗ ಅಸ್ತರು ಕೊಟ್ಟಂಗಾತಲ್ಲ?’ ಎಂದೆ.

ಆ ಮನುಷ್ಯ ಮೊದಲ ಸಲ ನಕ್ಕರು. ‘ಅಸ್ತರೇ ಅಮ್ಮ. ಹರಿದಲ್ಲಿ ಒಳಗಿನಿಂದ ಕೊಡ್ತೀವಿ.’

‘ಅದು ಸರಿ ಕೂಡ್ರದೆ ಹೋದ್ರ?’

‘ಆಗ ಎದೆ ತೆರೆಯಲೇಬೇಕು. ಆ ತಂಡವನ್ನೂ ಪಕ್ಕದ ಕೋಣೆಯಲ್ಲಿ ನಿಲ್ಲಿಸಿದ್ದೀನಿ’ ಎಂದರು. ಸುಳ್ಳು ಧೈರ್ಯ ಹೇಳಲಿಲ್ಲ. ಅಷ್ಟು ಹೊತ್ತಿಗೆ ನನಗೆ ಸುಳ್ಳು ಧೈರ್ಯ ಸಾಕಾಗಿಹೋಗಿತ್ತು.

ನಸೀಮಾಳೂ ಅವರ ಜೊತೆ ಒಳಗೆ ಹೋದಳು. ಬಾಗಿಲು ಮುಚ್ಚಿತು. ಹೊರಗೆ ಬೆಂಚಿನ ಮೇಲೆ ನಾನೊಬ್ಬಳೇ. ಮಂಡಕ್ಕಿಯ ವಾಸನೆ ಇಲ್ಲದ ಆಸ್ಪತ್ರೆಯ ವರಾಂಡ ಎಷ್ಟು ಚೆಂದ ಎಂದು ಅವತ್ತು ಗೊತ್ತಾಯಿತು. ಕಿಟಕಿಯಾಚೆ ಮಳೆ ಸುರಿಯುತ್ತಲೇ ಇತ್ತು. ಇವರು ಸತ್ತರೆ ಏನು ಮಾಡಬೇಕು ಎಂದು ಯೋಚಿಸಲು ಹೋಗಿ, ಆಗದೆ, ಮರುದಿನ ಕೊಡಬೇಕಿದ್ದ ಕುಬುಸಗಳಲ್ಲಿ ಯಾವುದಕ್ಕೆ ಇನ್ನೂ ಗುಂಡಿ ಹಚ್ಚಿಲ್ಲ ಎಂದು ನೆನಪಿಸಿಕೊಳ್ಳುತ್ತ ಕೂತೆ. ನಸೀಮಾ ಹೊರಗೆ ಬಂದಾಗ ಅವಳ ಮೂಗಿನ ಮೇಲೆ ಮಾಸ್ಕಿನ ಗೆರೆ ಹಾಗೇ ಇತ್ತು.

‘ನಳಿ ಹೊರಗ ಬಂತು ಅಕ್ಕಾ. ಒಂದ್ ಹನಿ ಸೋರಲಿಲ್ಲ. ಕೈ ಬೆಚ್ಚಗೈತಿ, ನಾಡಿ ಮಸ್ತ್ ಬಡಿಯಾಕ ಹತ್ತೈತಿ.’

ನಾನು ಅವಳನ್ನು ತಬ್ಬಿಕೊಂಡು ಗೋಳೋ ಎಂದು ಅತ್ತೆ. ಅವಳ ಹೆಗಲೆಲ್ಲ ಒದ್ದೆ ಮಾಡಿದೆ.

ಕಫದ ನಂಜು ಇಳಿಯಲು ಇನ್ನೂ ಬಹಳ ದಿನ ಹಿಡಿಯಿತು. ಮಳೆ ನಿಂತು, ಗೇಟು ಇಳಿಸಿ, ಫೋಟೋದವರೆಲ್ಲ ಮನೆ ಸೇರಿದ ಮೇಲೆ ಇವರನ್ನು ಡ್ಯಾಮಿನ ಕ್ವಾರ್ಟರ್ಸಿಗೆ ಕರೆತಂದೆ. ಈಗ ಬಂತು ನೋಡಿ ಬಳಗ. ಬಾಳೆಹಣ್ಣು, ಬ್ರೆಡ್ಡು ಹಿಡಿದು ಹಿಂಡು ಹಿಂಡಾಗಿ ಬಂದರು. ನಮ್ಮವರಿಗೆ ರೋಗಿಯನ್ನು ನೋಡುವುದೆಂದರೆ ಗಾಯವನ್ನು ನೋಡುವುದು. ಅಂಗಿ ಎತ್ತಿ ಹೊಲಿಗೆ ತೋರಿಸಬೇಕು. ಗಾಯ ಎಷ್ಟು ಉದ್ದವೋ ಅಷ್ಟು ದೊಡ್ಡ ಕಾಯಿಲೆ, ಅಷ್ಟು ದೊಡ್ಡ ಡಾಕ್ಟರು. ಸಂಡೂರಿನ ಚಿಕ್ಕತ್ತೆ ಕನ್ನಡಕ ಏರಿಸಿಕೊಂಡು ಇವರ ಎದೆ, ಬೆನ್ನು ಎಲ್ಲ ತಡಕಿದಳು.

‘ಎಲ್ಲೈತೇ ಹೊಲಿಗಿ?’

‘ಇಲ್ರಿ ಅತ್ತಿ. ತೊಡಿಯಾಗ ಸೂಜಿ ಚುಚ್ಚಿದ್ರು, ಒಳಗಿಂದನ ಮಾಡಿದ್ರು.’

‘ಅಯ್ಯ! ಅಂದ್ರ ಆಪರೇಶನ್ನ ಆಗಿಲ್ಲೇನು? ಇಷ್ಟಕ್ಕ ಬಳ್ಳಾರಿಗೆ ಓಡಿದೇನು?’ ಎಂದು ತಂದ ಬಾಳೆಹಣ್ಣಿನಲ್ಲಿ ತಾನೇ ಒಂದು ಸುಲಿದು ತಿಂದಳು. ಮೋಸ ಹೋದವಳ ಮುಖ ಅವಳದು. ಒಂದು ಗೇಣು ಹೊಲಿಗೆ ಕಂಡಿದ್ದರೆ ಅವಳಿಗೆ ಬಸ್ಸಿನಲ್ಲಿ ಬಂದದ್ದು ಸಾರ್ಥಕವಾಗುತ್ತಿತ್ತು. ಹೊಲಿಗೆ ಕಾಣದಂತೆ ಕೆಲಸ ಮಾಡಿದರೆ ಕುಬುಸಕ್ಕೆ ಕೂಲಿ ಹೆಚ್ಚು ಕೊಡುವ ಜನ, ಮನುಷ್ಯನ ಮೈಯಲ್ಲಿ ಹೊಲಿಗೆ ಕಾಣದಿದ್ದರೆ ಏನೂ ಆಗಿಲ್ಲ ಎನ್ನುತ್ತಾರೆ! ಹೀಗೆ ಬಾಯಿಂದ ಬಾಯಿಗೆ ಹೋಗಿ, ದೀಪಾವಳಿಯ ಹೊತ್ತಿಗೆ ಕಥೆ ಪೂರಾ ಬೇರೆಯೇ ಆಯಿತು. ಚಂದ್ರುವಿಗೆ ಆಗಿದ್ದು ಬರೀ ಕೆಮ್ಮು, ನಮ್ಮೋರ ಡಾಕ್ಟರು ಅರ್ಧ ಗುಣ ಮಾಡಿದ್ದರು, ಗಿರಿಜಾ ಕತ್ತರಿ ಹಿಡಿದು ರಂಪ ಮಾಡಿ ಬಳ್ಳಾರಿಗೆ ಎಳೆದುಕೊಂಡು ಹೋದಳು.

ಅದೇ ಚಳಿಗಾಲದಲ್ಲಿ ಭಾವ ಕಂಪ್ಲಿಯ ಕಲ್ಯಾಣ ಮಂಟಪದಲ್ಲಿ ದೊಡ್ಡ ಡಾಕ್ಟರಿಗೆ ಸನ್ಮಾನ ಇಟ್ಟುಕೊಂಡ. ರೇಷ್ಮೆ ಪೇಟ, ಶಾಲು, ಗಂಧದ ಹಾರ. ಹಾರ ಹಾಕಲು ಕರೆದದ್ದು ಯಾರನ್ನು? ನಮ್ಮ ಮನೆಯವರನ್ನು. ನಾನು ಹೋಗಬೇಡಿ ಎಂದೆ, ಬಾಗಿಲಿಗೆ ಅಡ್ಡ ನಿಂತೆ. ‘ಅಣ್ಣ ಹೇಳ್ಯಾನಲ್ಲ’ ಎಂದು ಚಪ್ಪಲಿ ಹಾಕಿಕೊಂಡು ಹೋದರು. ನಾನೂ ನಸೀಮಾಳೂ ಕೂಡಿ ಉಳಿಸಿದ ಆ ಬಲಗೈಯನ್ನು ಎತ್ತಿ, ಆ ಮನುಷ್ಯನ ಕೊರಳಿಗೆ ಹಾರ ಹಾಕಿ, ಫೋಟೋಕ್ಕೆ ನಕ್ಕರು. ಫೋಟೋ ಭಾವನ ಗಿರಣಿಯ ಗೋಡೆಯ ಮೇಲೆ ತೂಗಿತು. ಆ ವಾರ ನಾನು ಇವರ ಜೊತೆ ಮಾತಾಡಲಿಲ್ಲ. ಅದನ್ನು ನೆನೆದರೆ ಈಗಲೂ ಇವರ ತಟ್ಟೆಗೆ ರೊಟ್ಟಿಯನ್ನು ಸ್ವಲ್ಪ ಜೋರಾಗಿಯೇ ಹಾಕುತ್ತೇನೆ. ನಸೀಮಾಳನ್ನು ಆ ನರ್ಸಿಂಗ್ ಹೋಮಿನವರು ಮತ್ತೆ ಕರೆಯಲಿಲ್ಲ. ಅವಳು ಬಳ್ಳಾರಿಯ ಆಸ್ಪತ್ರೆಯೊಂದನ್ನು ಸೇರಿದಳು.

ಇಷ್ಟೆಲ್ಲ ಮೊನ್ನೆ ಆ ಮೆಟ್ಟಿಲು ಹತ್ತುತ್ತ ನೆನಪಾಯಿತು. ಅವತ್ತು ಅಂಗಡಿ ತೆರೆದು ಬಟ್ಟೆ ಕತ್ತರಿಸಲು ಕೂತಿದ್ದಾಗ ಭಾವನೇ ಫೋನು ಮಾಡಿದ್ದ. ಸಕ್ಕರೆ ಕಾಯಿಲೆ ಕಿಡ್ನಿಗೆ ಇಳಿದಿದೆ, ಡಯಾಲಿಸಿಸ್ ಮಾಡಲು ಕುತ್ತಿಗೆಯ ದೊಡ್ಡ ನಾಳಕ್ಕೆ ಕೊಳವೆ ಹಾಕಬೇಕು. ‘ನಮ್ಮೋರ ಆಸ್ಪತ್ರ್ಯಾಗ ಅಲ್ಲೇನ್ರಿ?’ ಎಂದು ಕೇಳಿದೆ. ಕೇಳದೆ ಬಿಡುವಷ್ಟು ದೊಡ್ಡ ಮನಸ್ಸು ನನಗಿಲ್ಲ. ‘ಬಳ್ಳಾರ್‍ಯಾಗ ಅದೀನವಾ. ನೀ ಜಲ್ದಿ ಬಾ’ ಎಂದ.

ಕೋಣೆಯೊಳಗೆ ಹೋದೆ. ನಸೀಮಾ ಯಂತ್ರ ಹೊಂದಿಸುತ್ತಿದ್ದಳು. ನಾಳವನ್ನು ಪರದೆಯ ಮೇಲೆ ನೋಡಿಕೊಂಡು ಚುಚ್ಚುವ ಯಂತ್ರ, ಕುಂಕುಮ ಇಲ್ಲದ್ದು. ನನ್ನನ್ನು ನೋಡಿ ಹುಬ್ಬು ಹಾರಿಸಿದಳು. ಆಗ ಗತ್ತಿನಲ್ಲಿ ನಿಂತಿದ್ದ ಮನುಷ್ಯ ಈಗ ಹಾಸಿಗೆಯ ಮೇಲೆ ಅಂಗಿ ಬಿಚ್ಚಿ ಮಲಗಿದ್ದ. ನನಗೆ ಕನಿಕರ ಬಂತೆಂದು ಬರೆದರೆ ಸುಳ್ಳಾದೀತು.

‘ಈ ಡಾಕ್ಟರಮ್ಮನ ಹಾಕ್ತಾಳಲ್ಲ? ಬ್ಯಾರೆ ಯಾರೂ ಬ್ಯಾಡ’ ಎಂದ. ಆಮೇಲೆ ವರಾಂಡದ ಕಡೆ ನೋಡಿ ದನಿ ತಗ್ಗಿಸಿದ. ‘ಹೊರಗ ಕುಂತೋರ್‍ನ ಒಳಗ ಬಿಡಬ್ಯಾಡ. ನಳಿ ಹಾಕಿದ ಮ್ಯಾಲೂ ಬಿಡಬ್ಯಾಡ.’

ಅವನು ನನ್ನ ಚೀಲದ ಕಡೆ ನೋಡಿದ.

‘ಗಿರಿಜಾ, ಕತ್ರಿ ತಂದೀಯೇನವಾ?’

ಅಂಗಡಿಯಿಂದ ನೇರ ಬಂದಿದ್ದೆ. ಚೀಲ ಬಿಚ್ಚಿ ತೋರಿಸಿದೆ.

‘ತಂದೀನ್ರಿ. ಸುಮ್ಮನ ಮಲಕ್ಕೋರಿ’ ಎಂದು ಹೇಳಿ, ಸ್ಟೂಲು ಎಳೆದುಕೊಂಡು ಬಾಗಿಲಿಗೆ ಅಡ್ಡ ಕುಂತೆ.